ಕೈಯಿಂದ ತಿರುಗಿಸುವ ಹಳೆಯ ಸಿಂಗರ್: ಚಕ್ರ ಕದಲುತ್ತಿಲ್ಲ, ಒಳಗೆ ಲಾಳಿಯಂತಹದ್ದೇನೋ ಇದೆ

ಕಡಲಂಚಿನವಳು (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಕುಮಟಾದ ನಮ್ಮ ಹಳೆಯ ಮನೆಯ ಅಟ್ಟದಿಂದ ಅಜ್ಜಿಯ ಹೊಲಿಗೆ ಯಂತ್ರವನ್ನು ಇಳಿಸಿದ್ದೇವೆ. ಕಪ್ಪು ಬಣ್ಣದ, ಕೈಹಿಡಿ ತಿರುಗಿಸಿ ಹೊಲಿಯುವ ಸಿಂಗರ್ ಇದು. ಮರದ ಮುಚ್ಚಳವೂ ಉಳಿದಿದೆ. ತಳಭಾಗದ ಬಲಬದಿಯಲ್ಲಿ ವೈ ಅಕ್ಷರದಿಂದ ಆರಂಭವಾಗುವ ಸಂಖ್ಯೆಯೊಂದಿದೆ. ಸೂಜಿಯ ಕೆಳಗಿನ ಜಾರುತಗಡನ್ನು ಎಳೆದು ನೋಡಿದರೆ ಉಷಾ ಯಂತ್ರದಲ್ಲಿರುವಂತಹ ದುಂಡನೆಯ ಬಾಬಿನ್ ಕೇಸ್ ಇಲ್ಲ. ಬದಲಿಗೆ ಮಗ್ಗದ ಲಾಳಿಯನ್ನು ಹೋಲುವ, ಒಂದು ತುದಿ ಚೂಪಾಗಿರುವ, ಕಿರುಬೆರಳಿಗಿಂತ ಚಿಕ್ಕದಾದ ಉಕ್ಕಿನ ಕೊಳವೆಯಿದೆ. ಚಕ್ರ ಕೂದಲೆಳೆಯಷ್ಟೂ ಕದಲುವುದಿಲ್ಲ. ಪೇಟೆಯ ರಿಪೇರಿಯವರು ಬಿಡಿಭಾಗ ಸಿಗುವುದಿಲ್ಲ, ಗುಜರಿಗೆ ಹಾಕಿ ಎಂದರು. ಇದರೊಳಗೆ ಕೆಂಪು ಪಾದರಸವಿದೆ, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂದು ಹೇಳುವವರೂ ಇದ್ದಾರೆ. ಇದು ಯಾವ ಮಾದರಿ? ಮತ್ತೆ ಹೊಲಿಯುವಂತೆ ಮಾಡಲು ಸಾಧ್ಯವೇ?

ಎರಡೆಳೆ ದಾರ:
ಪಾದರಸದ ಮಾತನ್ನು ಮೊದಲು ಮುಗಿಸಿಬಿಡೋಣ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹಬ್ಬಿ, ಹಳೆಯ ಸಿಂಗರ್ ಯಂತ್ರಗಳಿಗೆ ಜನ ಮುಗಿಬಿದ್ದು ಹುಚ್ಚು ಬೆಲೆ ತೆತ್ತಿದ್ದರು. ಅದು ಶುದ್ಧ ಸುಳ್ಳು. ಇದರೊಳಗೆ ಕಬ್ಬಿಣ, ಉಕ್ಕು ಮತ್ತು ಒಣಗಿದ ಎಣ್ಣೆಯ ಹೊರತು ಬೇರೇನೂ ಇಲ್ಲ.

ಈಗ ಮಾದರಿಯ ವಿಚಾರ. ವೈ ಅಕ್ಷರದ ಯಂತ್ರಗಳು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯಲ್ಲಿ 1920 ಮತ್ತು 30ರ ದಶಕಗಳಲ್ಲಿ ತಯಾರಾದಂತಹವು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತಾದರೂ ಅಲ್ಲಿನ ರೈಲು ನಿಲ್ದಾಣಕ್ಕೆ ಇಂದಿಗೂ ಸಿಂಗರ್ ಎಂದೇ ಹೆಸರು. ಆದರೆ ಮಾದರಿಯನ್ನು ಹೇಳುವುದು ಸಂಖ್ಯೆಗಿಂತ ಹೆಚ್ಚಾಗಿ ನೀವು ಕಂಡ ಆ ಲಾಳಿ. ಅದು ನೇರ ಗೆರೆಯಲ್ಲಿ ಓಡಾಡದೆ, ತೊಟ್ಟಿಲು ತೂಗಿದಂತೆ ಕಮಾನಿನಲ್ಲಿ ಹಿಂದೆ ಮುಂದೆ ಸಾಗುವುದಾದರೆ ಯಂತ್ರ 27 ಅಥವಾ 28ನೆಯ ಮಾದರಿಯದಾಗಿರುವ ಸಂಭವ ಹೆಚ್ಚು. ತಳವನ್ನು ಅಳೆದು ನೋಡಿ: ಉದ್ದ ಸುಮಾರು ಹದಿನಾಲ್ಕೂವರೆ ಇಂಚಿದ್ದರೆ 27, ಅದರ ಮುಕ್ಕಾಲು ಗಾತ್ರದ ತಂಗಿಯೇ 28. ಕಿಲ್ಬೋವಿಯಲ್ಲಿ ತಯಾರಾದವಕ್ಕೆ ಕೊನೆಯಲ್ಲಿ ಕೆ ಅಕ್ಷರ ಸೇರಿಸಿ 27ಕೆ, 28ಕೆ ಎನ್ನುತ್ತಾರೆ.

ಹಳೇ ಟೈಲರ್:
ಮೂವತ್ತು ವರ್ಷ ಟೈಲರ್ ಅಂಗಡಿ ನಡೆಸಿದವನಾಗಿ ಹೇಳುತ್ತಿದ್ದೇನೆ: ಹೀಗೆ ಬಿಗಿದು ನಿಂತ ಯಂತ್ರಗಳಲ್ಲಿ ನಿಜವಾಗಿ ಮುರಿದವು ಬಹಳ ಕಡಿಮೆ. ನಮ್ಮ ಕಡೆ ಮನೆಗಳಲ್ಲಿ ಮಿಷನ್ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆಯನ್ನೇ ಬಿಡುವ ರೂಢಿಯಿತ್ತು. ವರ್ಷಗಳು ಕಳೆದಂತೆ ಅದು ಒಣಗಿ, ಹಲಸಿನ ಮೇಣದಂತೆ ಅಂಟಾಗಿ, ಪ್ರತಿಯೊಂದು ಕೀಲನ್ನೂ ಹಿಡಿದುಬಿಡುತ್ತದೆ. ಆದ್ದರಿಂದ ಕೈಹಿಡಿಯನ್ನು ಬಲವಂತವಾಗಿ ತಿರುಗಿಸಬೇಡಿ, ಗೇರಿನ ಹಲ್ಲು ಮುರಿದರೆ ಆಗ ನಿಜಕ್ಕೂ ಬಿಡಿಭಾಗ ಹುಡುಕಬೇಕಾಗುತ್ತದೆ.

ಲಾಳಿಯನ್ನು ತೆಗೆದಿಟ್ಟು, ಸಿಕ್ಕಿಕೊಂಡ ದಾರದ ಚೂರುಗಳನ್ನು ಚಿಮುಟದಿಂದ ಎಳೆದು ಹಾಕಿ. ಎಣ್ಣೆ ಬಿಡುವ ಎಲ್ಲ ರಂಧ್ರಗಳಿಗೂ, ಯಂತ್ರವನ್ನು ಹಿಂದಕ್ಕೆ ಮಗುಚಿದಾಗ ಕಾಣುವ ಕೀಲುಗಳಿಗೂ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇರಲಿ. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿರುವ ಈ ದಿನಗಳಲ್ಲಿ ಬರಿಯ ಮಿಷನ್ ಎಣ್ಣೆಯಿಂದಲೂ ಕೆಲಸ ಆಗುತ್ತದೆ, ನಾಲ್ಕು ದಿನ ಹೆಚ್ಚು ಹಿಡಿಯಬಹುದು ಅಷ್ಟೇ. ಸಡಿಲವಾದ ಮೇಲೆ ಕೊಳೆಯನ್ನೆಲ್ಲ ಒರೆಸಿ, ಹೊಸ ಮಿಷನ್ ಎಣ್ಣೆ ಹಾಕಿ. ಮೇಲಿನ ಚಿನ್ನದ ಬಣ್ಣದ ಚಿತ್ತಾರಕ್ಕೆ ಮಾತ್ರ ಸ್ಪಿರಿಟ್ ಮುಟ್ಟಿಸಬೇಡಿ, ಬಣ್ಣದ ಮೇಲಿನ ಅರಗಿನ ಲೇಪ ಕರಗಿ ಚಿತ್ತಾರವೇ ಎದ್ದುಬರುತ್ತದೆ.

ಕಡಲಂಚಿನವಳು:
ಇಬ್ಬರಿಗೂ ಧನ್ಯವಾದಗಳು. ತಳ ಚಿಕ್ಕದು, ಆದ್ದರಿಂದ ಇದು 28ಕೆ ಎಂದೇ ತೋರುತ್ತದೆ. ಮೂರನೆಯ ದಿನ ಚಕ್ರ ತಿರುಗಿತು! ಆದರೆ ಉತ್ಸಾಹದಲ್ಲಿ ಚಕ್ರದ ನಡುವಿನ ತಿರುಪನ್ನೂ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದೆ. ಈಗ ಎಷ್ಟೇ ಬಿಗಿ ಮಾಡಿದರೂ ಚಕ್ರ ತಾನೊಂದೇ ತಿರುಗುತ್ತದೆ, ಸೂಜಿ ನಿಂತಲ್ಲೇ ನಿಂತಿದೆ. ಏನನ್ನಾದರೂ ಮುರಿದೆನೇ?

ಹಳೇ ಟೈಲರ್:
ಏನೂ ಮುರಿದಿಲ್ಲಮ್ಮ. ಆ ತಿರುಪಿನ ಹಿಂದೆ ಮೂರು ಕಿವಿಗಳಿರುವ ಒಂದು ವಾಷರ್ ಇತ್ತಲ್ಲ, ಅದು ತಿರುಗುಮುರುಗಾಗಿ ಕೂತಿದೆ. ಬಾಬಿನ್‌ಗೆ ದಾರ ಸುತ್ತುವಾಗ ಸೂಜಿ ಆಡದೆ ಚಕ್ರ ಮಾತ್ರ ತಿರುಗಬೇಕೆಂದೇ ಈ ಏರ್ಪಾಡು ಇರುವುದು; ವಾಷರ್ ಸರಿಯಾಗಿ ಕೂರದಿದ್ದರೆ ಆ ಸ್ಥಿತಿಯಿಂದ ಯಂತ್ರ ಹೊರಬರುವುದಿಲ್ಲ. ದೊಡ್ಡ ತಿರುಪಿನ ಅಂಚಿನಲ್ಲಿರುವ ಪುಟ್ಟ ಸ್ಕ್ರೂ ಸಡಿಲಿಸಿ ತಿರುಪನ್ನು ತೆಗೆಯಿರಿ. ವಾಷರಿನ ಒಳಸುತ್ತಿನ ಬಾಗಿದ ಎರಡು ನಾಲಿಗೆಗಳು ನಿಮ್ಮ ಕಡೆಗೆ ಮುಖ ಮಾಡಿರಲಿ. ಹಾಗಿದ್ದೂ ಹಿಡಿಯದಿದ್ದರೆ ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ನಾನೇ ಎಷ್ಟೋ ಸಲ ಎರಡನೆಯ ಯತ್ನದಲ್ಲಿ ಸರಿಮಾಡಿದ್ದೇನೆ.

ಎರಡೆಳೆ ದಾರ:
ಹೊಲಿಯುವ ಮುನ್ನ ಸೂಜಿಯ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಎಚ್‌ಎ×1 ಎಂದು ಕೇಳಿ, ಅದರ ಬುಡದ ಒಂದು ಬದಿ ಚಪ್ಪಟೆಯಾಗಿರುತ್ತದೆ. ಬುಡ ಪೂರ್ತಿ ದುಂಡಗಿರುವ ಡಿಬಿ×1 ದೊಡ್ಡ ಟೈಲರಿಂಗ್ ಯಂತ್ರಗಳದ್ದು, ಇದಕ್ಕೆ ಆಗದು. ಸೂಜಿಯ ಉದ್ದನೆಯ ಗೀರು ಯಾವ ಬದಿಗಿದೆಯೋ ಆ ಬದಿಯಿಂದಲೇ ದಾರ ಪೋಣಿಸಬೇಕು. ಬಟ್ಟೆಯ ಅಡಿಯಲ್ಲಿ ದಾರ ಗೂಡುಕಟ್ಟಿದರೆ ಎಲ್ಲರೂ ಲಾಳಿಯನ್ನು ಶಪಿಸುತ್ತಾರೆ; ತಪ್ಪು ಸಾಮಾನ್ಯವಾಗಿ ಮೇಲಿನ ದಾರದ ಪೋಣಿಕೆಯಲ್ಲಿ ಅಥವಾ ಟೆನ್ಶನ್‌ನಲ್ಲಿ ಇರುತ್ತದೆ. ಲಾಳಿಯ ಚೂಪು ತುದಿಗೆ ತುಕ್ಕು ಹಿಡಿದು ತರಿಯಾಗಿದ್ದರೆ ಅತಿ ನುಣುಪಾದ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ, ಇಲ್ಲವಾದರೆ ದಾರ ಕಡಿಯುತ್ತಲೇ ಇರುತ್ತದೆ.

ಕಡಲಂಚಿನವಳು:
ವಾಷರನ್ನು ಅರ್ಧ ಸುತ್ತು ತಿರುಗಿಸಿದ್ದೇ ತಡ, ಸೂಜಿ ಆಡಿತು. ಇಂದು ಒಂದು ದಿಂಬಿನ ಚೀಲ ಹೊಲಿದೆ. ಹಿಂದಕ್ಕೆ ಹೊಲಿಯುವ ಗುಂಡಿ ಎಲ್ಲಿಯೂ ಕಾಣಲಿಲ್ಲವಾದ್ದರಿಂದ, ಅಜ್ಜಿ ಮಾಡುತ್ತಿದ್ದಂತೆ ಹೊಲಿಗೆಯ ಕೊನೆಯಲ್ಲಿ ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ, ಬಟ್ಟೆಯನ್ನು ತಿರುಗಿಸಿ ನಾಲ್ಕು ಹೊಲಿಗೆ ಹಾಕಿದೆ.