ಕಪ್ಪು-ಬಿಳುಪು ಪ್ರಿಂಟ್ ಶಾರ್ಪ್ ಆಗಿ ಬರಲು ಯಾವ ಸಾಫ್ಟ್‌ವೇರ್?

ಬೂದುಗೆರೆ:
ಫೈಲ್ 6000×4000 ಪಿಕ್ಸೆಲ್. ಎಪ್ಸನ್ ಪಿ800 ಪ್ರಿಂಟರ್, ಮ್ಯಾಟ್ ಪೇಪರ್, 12×18 ಇಂಚು, ಫೋಟೋಶಾಪ್‌ನಿಂದಲೇ ಪ್ರಿಂಟ್. ಪರದೆಯಲ್ಲಿ ಕಾಣುವ ನಯವಾದ ವಿವರ ಕಾಗದದಲ್ಲಿ ಮಂಕು. ನೆರಳಿನ ಭಾಗಕ್ಕೆ ತೆಳು ಹಸಿರು ಬೇರೆ. ಕ್ವಾಡ್‌ಟೋನ್ ರಿಪ್, ಕ್ಯೂಇಮೇಜ್ ಎಂಬ ಎರಡು ಪ್ರಿಂಟ್ ಸಾಫ್ಟ್‌ವೇರ್‌ಗಳನ್ನು ಹೇಳುತ್ತಾರೆ. ಯಾವುದು ತಗೊಳ್ಳಲಿ?

ಮಸಿಕುಡಿಕೆ:
ಇವು ಎರಡು ಬೇರೆ ಕಾಯಿಲೆ, ಮದ್ದೂ ಬೇರೆ.

ಹಸಿರು ಬರುವುದು ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರ್ ನಡೆಸುವ ಎಪ್ಸನ್ ಸಾಫ್ಟ್‌ವೇರ್) ಬಣ್ಣದ ಇಂಕುಗಳನ್ನು ಬೆರೆಸಿ ಬೂದು ಮಾಡುವುದರಿಂದ. ಡ್ರೈವರ್‌ನಲ್ಲಿ ಅಡ್ವಾನ್ಸ್‌ಡ್ ಬಿ&ಡಬ್ಲ್ಯೂ (ಕಪ್ಪು-ಬಿಳುಪಿನ ಮೋಡ್) ಆರಿಸಿ; ಆಗ ಕಪ್ಪು ಮತ್ತು ಎರಡು ತಿಳಿಗಪ್ಪು ಇಂಕುಗಳೇ ಮುಖ್ಯ ಕೆಲಸ ಮಾಡುತ್ತವೆ, ಬಣ್ಣದ್ದು ಟೋನ್ ತಿದ್ದಲು ಮಾತ್ರ. ಫೋಟೋಶಾಪ್‌ನಲ್ಲಿ ಬಣ್ಣದ ಹೊಣೆ ಪ್ರಿಂಟರ್‌ಗೇ ಬಿಡಿ, ಫೈಲ್ ಗ್ರೇ ಗಾಮಾ 2.2 ಪ್ರೊಫೈಲ್‌ನಲ್ಲಿರಲಿ. ಟೋನ್ 'ಡಾರ್ಕರ್' ಎಂದಿದ್ದರೆ 'ಡಾರ್ಕ್'ಗೆ ಇಳಿಸಿ ನೋಡಿ.

ಮಂಕಿನ ಲೆಕ್ಕ: 6000÷18 = 333 ಪಿಪಿಐ (ಇಂಚಿಗೆ ಪಿಕ್ಸೆಲ್). ಎಪ್ಸನ್ ಡ್ರೈವರ್ ಕೇಳುವುದು 360 ಅಥವಾ 720. ನೀವು ಕೊಡದಿದ್ದರೆ ಡ್ರೈವರೇ ಹಿಗ್ಗಿಸುತ್ತದೆ, ಒರಟಾಗಿ. ನೀವೇ 360ಕ್ಕೆ ರೀಸೈಜ್ ಮಾಡಿ, ಶಾರ್ಪನಿಂಗ್ ಅದರ ನಂತರ. ಶಾರ್ಪನಿಂಗ್‌ನ ರೇಡಿಯಸ್‌ಗೆ (ಅಂಚಿನ ಸುತ್ತ ಎಷ್ಟು ಪಿಕ್ಸೆಲ್‌ವರೆಗೆ ಎಂಬುದು) ಪಿಪಿಐ÷200 ಒಳ್ಳೆಯ ಆರಂಭ, ಅಂದರೆ ಇಲ್ಲಿ 1.8. ಮ್ಯಾಟ್ ಪೇಪರ್ ಇಂಕನ್ನು ಹೀರಿ ಹರಡುತ್ತದೆ. ಹಾಗಾಗಿ 100%ನಲ್ಲಿ ಪರದೆ ಮೇಲೆ ಕೊಂಚ ಅತಿ ಅನ್ನಿಸಬೇಕು. ಅಲ್ಲಿ ಚೆನ್ನಾಗಿ ಕಂಡರೆ ಕಾಗದದಲ್ಲಿ ಕಡಿಮೆಯೇ.

ಈ ರೀಸೈಜ್-ಶಾರ್ಪನಿಂಗನ್ನು ಪ್ರತಿ ಅಳತೆಗೂ ಕೈಯಲ್ಲಿ ಮಾಡಲು ಬೇಸರವೆಂದರೆ ಕ್ಯೂಇಮೇಜ್. ಮೂಲ ಫೈಲ್ ಮುಟ್ಟದೆ, ಪ್ರಿಂಟ್ ಹೊತ್ತಿನಲ್ಲಿ ತಾನೇ ಮಾಡುತ್ತದೆ. ಇಂಕಿನ ಮೇಲೆ ಅದಕ್ಕೆ ಹಿಡಿತವಿಲ್ಲ, ಅದು ಡ್ರೈವರ್ ಮೂಲಕವೇ ಹೋಗುತ್ತದೆ.

ಮೂರನೇಕಪ್ಪು:
ಕ್ವಾಡ್‌ಟೋನ್ ರಿಪ್ ಇದಕ್ಕೆ ತದ್ವಿರುದ್ಧ. ಎಪ್ಸನ್ ಡ್ರೈವರನ್ನು ಬದಿಗಿಟ್ಟು, ಯಾವ ಇಂಕು ಎಷ್ಟು ಎಂದು ತಾನೇ ನಿರ್ಧರಿಸುತ್ತದೆ, ಆದರೆ ಶಾರ್ಪನಿಂಗ್ ನಿಮ್ಮ ಪಾಲಿಗೇ. ನಿಮ್ಮ ಪೇಪರ್‌ಗೆ ಸಿದ್ಧ ಕರ್ವ್ (ಯಾವ ಛಾಯೆಗೆ ಎಷ್ಟು ಇಂಕು ಎಂಬ ಫೈಲ್) ಇದ್ದರೆ ಸುಲಭ. ಇಲ್ಲದಿದ್ದರೆ ಮೊದಲು ಇಂಕ್ ಲಿಮಿಟ್ (ಪೇಪರ್ ತಡೆಯುವ ಗರಿಷ್ಠ ಇಂಕು) ಕಂಡುಕೊಳ್ಳಿ: ಮಿತಿ ಮೀರಿದರೆ ಮ್ಯಾಟ್‌ನಲ್ಲಿ ಛಾಯೆಯ ಗಾಢ ಮೆಟ್ಟಿಲುಗಳೆಲ್ಲ ಒಂದಾಗುತ್ತವೆ, ಕೆಲವೊಮ್ಮೆ ಕಡೆಯದು ಹಿಂದಿನದಕ್ಕಿಂತ ತಿಳಿಯಾಗಿಬಿಡುತ್ತದೆ. ಆಮೇಲೆ ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲಿನ ಪಟ್ಟಿ ಪ್ರಿಂಟ್ ಮಾಡಿ, ಒಂದು ದಿನ ಒಣಗಿಸಿ, ಸ್ಪೆಕ್ಟ್ರೋದಲ್ಲಿ (ಗಾಢತೆ ಅಳೆಯುವ ಉಪಕರಣ) ಅಳೆದು ಲೀನಿಯರೈಸ್ ಮಾಡಬೇಕು, ಅಂದರೆ ಮೆಟ್ಟಿಲುಗಳ ಅಂತರ ಸಮವಾಗುವಂತೆ ಕರ್ವ್ ತಿದ್ದಬೇಕು. ಅಳೆಯುವ ಉಪಕರಣವಿಲ್ಲದೆ ಕರ್ವ್ ಕಟ್ಟಲು ಹೋಗಬೇಡಿ. ಕ್ಯಾನನ್ ಪ್ರಿಂಟರ್‌ಗೆ ಇದು ನಡೆಯದು.

ಬೂದುಗೆರೆ:
360ಕ್ಕೆ ತಂದು, ಅಡ್ವಾನ್ಸ್‌ಡ್ ಬಿ&ಡಬ್ಲ್ಯೂನಲ್ಲಿ ಪ್ರಿಂಟ್ ತೆಗೆದೆ. ಹಸಿರು ಹೋಯಿತು. ಆದರೆ ಆಕಾಶದಲ್ಲಿ ಸಮಾನಾಂತರ ಸಣ್ಣ ಗೆರೆಗಳಿವೆ, ಲಂಬ ಅಂಚುಗಳು ಜೋಡಿಯಾಗಿ ಕಾಣುತ್ತವೆ.

ಮಸಿಕುಡಿಕೆ:
ಅದಕ್ಕೆ ಯಾವ ಸಾಫ್ಟ್‌ವೇರೂ ಇಲ್ಲ. ಗೆರೆಗೆ ನಾಝಲ್ (ಇಂಕು ಚಿಮ್ಮುವ ಸಣ್ಣ ರಂಧ್ರ) ಚೆಕ್ ಮಾಡಿ. ತಿಳಿಗಪ್ಪಿನಲ್ಲಿ ಒಂದು ನಾಝಲ್ ಕಟ್ಟಿದರೂ ಆಕಾಶದಲ್ಲಿ ಎದ್ದು ಕಾಣುತ್ತದೆ. ಜೋಡಿ ಅಂಚಿಗೆ ಡ್ರೈವರ್‌ನ ಹೈ ಸ್ಪೀಡ್ ಆಯ್ಕೆ ತೆಗೆದುಹಾಕಿ, ಆಗ ಹೆಡ್ (ನಾಝಲ್‌ಗಳಿರುವ ಚಲಿಸುವ ಭಾಗ) ಒಂದೇ ದಿಕ್ಕಿನಲ್ಲಿ ಮುದ್ರಿಸುತ್ತದೆ. ಆಗ ಸರಿಯಾದರೆ ಹೆಡ್ ಅಲೈನ್‌ಮೆಂಟ್ ತಪ್ಪಿದೆ ಎಂದರ್ಥ. ಅದನ್ನು ನೀವು ಬಳಸುವ ಪೇಪರ್ ಮೇಲೆಯೇ ಮಾಡಿ, ಪೇಪರ್ ದಪ್ಪ ಬದಲಾದರೆ ಹೆಡ್‌ನ ಅಂತರವೂ ಬದಲಾಗುತ್ತದೆ.

ಮೂರನೇಕಪ್ಪು:
ಡ್ರೈವರ್‌ನಲ್ಲಿ ಮೀಡಿಯಾ ಟೈಪ್ (ಪೇಪರ್ ಬಗೆ) ಕೂಡ ನೋಡಿ. ಅಲ್ಲಿ ಗ್ಲಾಸಿ ಆರಿಸಿದ್ದರೆ ಮ್ಯಾಟ್ ಬ್ಲ್ಯಾಕ್ ಬದಲು ಫೋಟೋ ಬ್ಲ್ಯಾಕ್ ಹೋಗುತ್ತದೆ, ಕಪ್ಪು ಕಪ್ಪಾಗುವುದೇ ಇಲ್ಲ. ಆ ಮಂಕನ್ನು ಶಾರ್ಪ್‌ನೆಸ್ ಕೊರತೆ ಎಂದು ತಪ್ಪು ತಿಳಿಯುವುದು ಸಾಮಾನ್ಯ.