ಪದಚರ್ಚೆ: ‘ಗಿಮ್ನಾಜಿಯುಮ್’ ಪದಕ್ಕೆ ಕನ್ನಡ

ಮಾನ್ಯರೇ,

ಜರ್ಮನಿಯ ಬವೇರಿಯ ರಾಜ್ಯದ ಮ್ಯೂನಿಕ್‌ಗೆ ಹೊಸದಾಗಿ ಬರುವ ಕನ್ನಡ ಕುಟುಂಬಗಳ ಕೈಪಿಡಿ ಇದೇ ವಾರ ಅಚ್ಚಿಗೆ ಹೋಗಬೇಕಾಗಿರುವುದರಿಂದ ಅದರಲ್ಲಿ ‘ಗಿಮ್ನಾಜಿಯುಮ್’ ಎಂಬ ಬಗೆಯ ಜರ್ಮನ್ ಶಾಲೆಗೆ ಕನ್ನಡದಲ್ಲಿ ಏನೆನ್ನಬೇಕೆಂಬ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ‘ಗಿಮ್ನಾಜಿಯುಮ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳಿ. ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಡಿ.

‘ಪ್ರೌಢಶಾಲೆ’ ಖಂಡಿತ ಬೇಡ. ನಮ್ಮಲ್ಲಿ ಅದು ಎಂಟರಿಂದ ಹತ್ತನೆಯ ತರಗತಿಯವರೆಗಿನ, ಏಳನೆಯದನ್ನು ಮುಗಿಸಿದ ಯಾವ ಮಗುವಾದರೂ ಸೇರುವ ಶಾಲೆ. ಬವೇರಿಯದ ಗಿಮ್ನಾಜಿಯುಮ್ ಐದನೆಯ ತರಗತಿಯಿಂದ ಹದಿಮೂರರವರೆಗೆ ನಡೆದು, ವಿಶ್ವವಿದ್ಯಾಲಯಕ್ಕೆ ಸೇರುವ ಅರ್ಹತೆ ಕೊಡುವ ಅಬಿಟೂರ್ ಪರೀಕ್ಷೆಯಲ್ಲಿ ಮುಗಿಯುತ್ತದೆ. ಅದಕ್ಕೆ ಯಾರು ಹೋಗಬಹುದೆಂಬುದು ಮಗುವಿಗೆ ಹತ್ತು ವರ್ಷವಾಗುವ ಹೊತ್ತಿಗೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ನಾಲ್ಕನೆಯ ತರಗತಿಯ ಮೇ ತಿಂಗಳಲ್ಲಿ ಕೈಗೆ ಬರುವ ಅಂಕಪಟ್ಟಿಯಲ್ಲಿ ಜರ್ಮನ್, ಗಣಿತ ಮತ್ತು ಪರಿಸರ ಪಾಠ ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಿಮ್ನಾಜಿಯುಮ್, 2.66ರವರೆಗೆ ಇದ್ದರೆ ಹತ್ತನೆಯ ತರಗತಿಗೆ ಮುಗಿಯುವ ನಡುಮಟ್ಟದ ಶಾಲೆಯಾದ ರೆಯಾಲ್‌ಶೂಲೆ. ಅಲ್ಲಿ 1 ಅತ್ಯುತ್ತಮ ಅಂಕ, 6 ಅತಿ ಕೆಟ್ಟದ್ದು. ‘ಪ್ರೌಢಶಾಲೆಗೆ ಇನ್ನೂ ಮೂರು ವರ್ಷ ಇದೆಯಲ್ಲ’ ಎಂದುಕೊಂಡು ತಾಯಿತಂದೆಯರು ಸುಮ್ಮನಿದ್ದರೆ, ಆ ಒಂದು ಪದದಿಂದ ಮಗುವಿಗೆ ಆಗುವ ನಷ್ಟ ಸಣ್ಣದಲ್ಲ.

ಗ್ರೀಕ್ ಮೂಲವನ್ನು ಹಿಡಿದು ‘ಗರಡಿಮನೆ’ ಎಂದು ಸೂಚಿಸಿದವರಿಗೆ: ಆ ವ್ಯುತ್ಪತ್ತಿ ನಿಜ, ಇಲ್ಲಿ ಅದರಿಂದ ಪ್ರಯೋಜನವಿಲ್ಲ. ಜರ್ಮನರು ವ್ಯಾಯಾಮದ ಮನೆಯನ್ನು ಟುರ್ನ್‌ಹಾಲೆ ಎನ್ನುತ್ತಾರೆ. ಇಂಗ್ಲಿಷಿನ ಉಚ್ಚಾರಣೆಯಂತೆ ‘ಜಿಮ್ನೇಷಿಯಂ’ ಎಂದು ಬರೆಯಬಾರದೆನ್ನುವುದೂ ಇದೇ ಕಾರಣಕ್ಕೆ. ಓದುಗರ ಕಣ್ಣಿಗೆ ತೂಕ ಎತ್ತುವ ಜಿಮ್ಮೇ ಬರುತ್ತದೆ.

‘ಮೇಲ್ಗಲಿಕೆಮನೆ’ ಕಟ್ಟಿದವರ ಭಾಷಾಭಿಮಾನವನ್ನು ನಾನು ಗೌರವಿಸುತ್ತೇನೆ, ಪದವನ್ನು ಒಪ್ಪುವುದಿಲ್ಲ. ಹೊಸ ಊರಿನಲ್ಲಿ ಶಾಲೆ ಹುಡುಕಿಕೊಂಡು ಹೋಗುವವರಿಗೆ ಬಾಗಿಲ ಮೇಲಿನ ಫಲಕ ಗುರುತು ಸಿಗಬೇಕು. ಪದವನ್ನು ಬಿಡಿಸಿ ಅನುವಾದಿಸುವುದು ಇನ್ನೂ ಅಪಾಯ: ‘ಹೋಖ್‌ಶೂಲೆ’ ಅಕ್ಷರಶಃ ‘ಎತ್ತರದ ಶಾಲೆ’, ಆದರೆ ಅದು ಹೈಸ್ಕೂಲಲ್ಲ, ವಿಶ್ವವಿದ್ಯಾಲಯದ ಮಟ್ಟದ ಸಂಸ್ಥೆ. ‘ಹೌಪ್ಟ್‌ಶೂಲೆ’ಯನ್ನು ‘ಮುಖ್ಯಶಾಲೆ’ ಎಂದರೆ ಎಲ್ಲರೂ ಅಲ್ಲಿಗೇ ಅರ್ಜಿ ಹಾಕಿಯಾರು! ನಾಲ್ಕನೆಯ ತರಗತಿಯ ನಂತರ ತೆರೆಯುವ ಮೂರು ದಾರಿಗಳಲ್ಲಿ (ಉಳಿದೆರಡು ಗಿಮ್ನಾಜಿಯುಮ್, ರೆಯಾಲ್‌ಶೂಲೆ) ಬೇಗ ಮುಗಿದು ಕೆಲಸದ ತರಬೇತಿಗೆ ಕಳಿಸುವ ಶಾಲೆ ಅದು. ಬವೇರಿಯದಲ್ಲಿ ಈಗ ಅದರ ಹೆಸರು ಮಿಟ್ಟಲ್‌ಶೂಲೆ, ಹಾಗೆಂದು ಅದು ನಮ್ಮ ಮಾಧ್ಯಮಿಕ ಶಾಲೆಯೂ ಅಲ್ಲ.

ಎರವಲಿನಿಂದ ಕನ್ನಡ ಸೊರಗುತ್ತದೆಂಬ ವಾದವನ್ನು ಇಲ್ಲಿಗೆ ಎಳೆಯುವುದು ಸಲ್ಲದು. ‘ಶಾಲೆ’ ಸಂಸ್ಕೃತದ್ದು. ಫ್ರೆಡರಿಕ್ ಫ್ರೋಬೆಲ್ 1840ರಲ್ಲಿ ಕೊಟ್ಟ ‘ಕಿಂಡರ್‌ಗಾರ್ಟನ್’ ಎಂಬ ಹೆಸರು ಎಲ್‌ಕೆಜಿ, ಯುಕೆಜಿಗಳ ರೂಪದಲ್ಲಿ ನಮ್ಮ ಮನೆಮನೆಯ ಮಾತಾಗಿದೆ, ಪಕ್ಕದಲ್ಲೇ ‘ಶಿಶುವಿಹಾರ’ವೂ ಬದುಕಿದೆ. ವಿದೇಶಗಳಲ್ಲಿರುವ ಜರ್ಮನ್ ಶಾಲೆಗಳು ಕೂಡ ತಮ್ಮ ಕೊನೆಯ ಪರೀಕ್ಷೆಯನ್ನು ಅಬಿಟೂರ್ ಎಂದೇ ಕರೆಯುತ್ತವೆ. ನಾವು ಅದನ್ನು ‘ಪಿಯುಸಿ’ ಎಂದು ತಿದ್ದುವ ಅಗತ್ಯವಿಲ್ಲ.

ವ್ಯವಸ್ಥೆ ನಿಜವಾಗಿ ಹೊಂದುವಲ್ಲಿ ಧಾರಾಳವಾಗಿ ಕನ್ನಡ ಬಳಸಿ. ‘ಗ್ರುಂಡ್‌ಶೂಲೆ’ಗೆ ‘ಪ್ರಾಥಮಿಕ ಶಾಲೆ’ ಸಾಕು, ನಾಲ್ಕು ವರ್ಷದ್ದೆಂದು ಸೇರಿಸಿದರಾಯಿತು. ‘ಬೆರೂಫ್ಸ್‌ಶೂಲೆ’ಗೆ ‘ವೃತ್ತಿಶಾಲೆ’ ಚೆನ್ನಾಗಿದೆ. ವಿದ್ಯಾರ್ಥಿ ವಾರದ ಕೆಲವು ದಿನ ಇಲ್ಲಿ ಓದಿ, ಉಳಿದ ದಿನ ಕಂಪನಿಯಲ್ಲಿ ಸಂಬಳ ಪಡೆದು ಕೆಲಸ ಕಲಿಯುತ್ತಾನೆಂಬುದನ್ನು ಮಾತ್ರ ಬಿಡಬೇಡಿ.

ಇನ್ನೊಂದು ಮಾತು. ಜರ್ಮನಿಯಲ್ಲಿ ಶಾಲಾ ಶಿಕ್ಷಣ 16 ರಾಜ್ಯಗಳ ಕೈಯಲ್ಲಿದೆ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ಗಳಲ್ಲಿ ಪ್ರಾಥಮಿಕ ಶಾಲೆಯೇ ಆರು ವರ್ಷದ್ದು. ಆದ್ದರಿಂದ ಕೈಪಿಡಿಯ ಹೊದಿಕೆಯ ಮೇಲೆ ‘ಜರ್ಮನಿಯ ಶಾಲೆಗಳು’ ಎನ್ನದೆ ‘ಬವೇರಿಯದ ಶಾಲೆಗಳು’ ಎಂದೇ ಅಚ್ಚು ಹಾಕಿಸಿ.