ಮಗನ ಆತಂಕಕ್ಕೆ ಮಾತ್ರೆ ಬರೆದುಕೊಟ್ಟಿದ್ದಾರೆ, ಶುರು ಮಾಡಲಾ?

ತೋಟದಮನೆ ಅಮ್ಮ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಮಗನಿಗೆ ಹದಿನಾಲ್ಕು, ಆಟಿಸಂ ಇದೆ. ಮಾತಾಡುತ್ತಾನೆ, ಒಂಬತ್ತನೇ ಕ್ಲಾಸು. ನಮ್ಮದು ಕಾಫಿ ತೋಟದ ಮನೆ. ಈ ಕಡೆ ಆನೆ ಕಾಟ ಹೇಗಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. ರಾತ್ರಿ ಆನೆ ಓಡಿಸಲು ಪಟಾಕಿ ಹೊಡೆಯುತ್ತಾರೆ, ಅವನಿಗೆ ಆ ಸದ್ದು ಆಗುವುದೇ ಇಲ್ಲ. ಈಗ ಆನೆ ಬಾರದ ದಿನವೂ ಸಂಜೆ ಐದಾದರೆ ಶುರು: "ಇವತ್ತು ಪಟಾಕಿ ಹೊಡೀತಾರಾ?" ಇಲ್ಲ ಕಣೋ ಅಂದರೆ ಎರಡು ನಿಮಿಷ ಸುಮ್ಮನಿದ್ದು ಮತ್ತೆ ಅದೇ. ಮಲಗುವವರೆಗೂ ಇದೇ ಪಾಡು. ಹೆಬ್ಬೆರಳಿನ ಚರ್ಮ ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡಿದ್ದಾನೆ. ಬೆಳಿಗ್ಗೆ ಹೊಟ್ಟೆನೋವು. ಸ್ಕೂಲ್ ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾನೆ. ಭಾನುವಾರ ಮಾತ್ರ ಹೊಟ್ಟೆ ನೆಟ್ಟಗಿರುತ್ತದೆ, ನೋಡಿ!

ಮೈಸೂರಿನಲ್ಲಿ ಮಕ್ಕಳ ಮನೋವೈದ್ಯರು ಸರ್ಟ್ರಾಲಿನ್ 25 ಮಿಲಿಗ್ರಾಂ ಬರೆದಿದ್ದಾರೆ. "ಇದು ಆಟಿಸಂಗೆ ಅಲ್ಲ, ಆತಂಕಕ್ಕೆ" ಅಂದರು. ಚೀಟಿ ಇನ್ನೂ ಬೀರುವಿನಲ್ಲೇ ಇದೆ. ನಮ್ಮತ್ತೆ "ಹುಚ್ಚಿನ ಮಾತ್ರೆ ಕೊಟ್ಟು ಮಗೂನ ಮಂಕು ಮಾಡ್ತೀಯಾ?" ಅನ್ನುತ್ತಾರೆ. ನಾದಿನಿಗೆ ಗೊತ್ತಿರುವ ಒಬ್ಬ ಹುಡುಗ ರಿಸ್ಪೆರಿಡೋನ್ ತಗೊಂಡು ತುಂಬಾ ದಪ್ಪಗಾದನಂತೆ. ನಮ್ಮ ಯಜಮಾನರು "ನೀನು ಹೇಗೆ ಹೇಳ್ತೀಯೋ ಹಾಗೆ" ಅನ್ನುತ್ತಾರೆ. ಅದಕ್ಕಿಂತ ಜಗಳ ಆಡಿದ್ದರೇ ವಾಸಿಯಿತ್ತು.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬೇರೆ ಹತ್ತಿರ ಬಂತು. ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ, ಆಮೇಲೆ ಊರೆಲ್ಲಾ ಪಟಾಕಿ. ಅದಕ್ಕೂ ಮೊದಲೇ ಮಾತ್ರೆ ಶುರು ಮಾಡಿದರೆ ಒಳ್ಳೆಯದಾ? ಮಂಕಾಗುತ್ತಾನಾ? ಜೀವನಪೂರ್ತಿ ತಗೊಳ್ಳಬೇಕಾ?

ಕುಶಾಲನಗರದ ಅಪ್ಪ

ಅಕ್ಕಾ, ನನ್ನ ಮಗಳಿಗೆ ಹದಿನೇಳು. ಅವಳಿಗೂ ಇದೇ ಮಾತ್ರೆ. ಮಂಕಾಗುತ್ತಾಳೆ ಅಂತ ನಾವೂ ಹೆದರಿದ್ದೆವು. ಆಗಿದ್ದು ಉಲ್ಟಾ. ಮೊದಲ ವಾರ ಕೂತಲ್ಲಿ ಕೂರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಅಡುಗೆಮನೆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಮತ್ತೆ ಜೋಡಿಸುತ್ತಿದ್ದಳು. ಸುಮ್ ಸುಮ್ನೆ ಕಿರುಚಾಟ. ಡಾಕ್ಟರಿಗೆ ಫೋನ್ ಮಾಡಿದೆವು. ಆಟಿಸಂ ಇರುವ ಮಕ್ಕಳಲ್ಲಿ ಈ ಚಡಪಡಿಕೆ ಜಾಸ್ತಿ, ಡೋಸ್ ಇಳಿಸೋಣ ಅಂದರು. 25ರ ಮಾತ್ರೆಯಲ್ಲಿ ಅರ್ಧ ಮಾಡಿ ಬೆಳಿಗ್ಗೆ ತಿಂಡಿ ಆದ ಮೇಲೆ ಕೊಟ್ಟೆವು. ಅಲ್ಲಿಂದ ನಿಧಾನಕ್ಕೆ ಏರಿಸಿದರು.

ಗುಣ ಕಾಣಲು ಒಂದೂವರೆ ತಿಂಗಳಾಯಿತು. ಭಯ ಹೋಗಲಿಲ್ಲ, ಸ್ವಲ್ಪ ತಗ್ಗಿತು. ಮೊದಲು ಬಸ್‌ಸ್ಟ್ಯಾಂಡ್ ಹೆಸರೆತ್ತಿದರೆ ಕಿವಿ ಮುಚ್ಚುತ್ತಿದ್ದವಳು ಥೆರಪಿಸ್ಟ್ ಹೇಳುವುದನ್ನು ಕೇಳುವ ಮಟ್ಟಕ್ಕೆ ಬಂದಳು. ಮೊದಲು ನಿಂತಿರುವ ಬಸ್ಸನ್ನು ದೂರದಿಂದ ನೋಡುವುದು, ಆಮೇಲೆ ಹತ್ತಿ ಇಳಿಯುವುದು, ಆಮೇಲೆ ಒಂದು ಸ್ಟಾಪ್. ನಿಜವಾದ ಕೆಲಸ ಮಾಡಿದ್ದು ಅದು. ಮಾತ್ರೆ ಅದಕ್ಕೆ ದಾರಿ ಬಿಟ್ಟುಕೊಟ್ಟಿತು ಅಷ್ಟೇ. ಬರೀ ಮಾತ್ರೆ ಬರೆದು ಕಳಿಸಿದ್ದರೆ ಥೆರಪಿ ಬಗ್ಗೆ ಬಿಡದೆ ಕೇಳಿ ಅಕ್ಕಾ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ದೂರ ನಿಜ, ಒಮ್ಮೆ ತೋರಿಸಿ ಬಂದರೆ ಮೇಲು.

ಮೆಡಿಕಲ್ ಶಾಪ್, ಗೋಣಿಕೊಪ್ಪ

ಔಷಧಿ ಅಂಗಡಿಯವನಾಗಿ ಹೇಳುತ್ತೇನೆ ಮೇಡಂ. ಡೋಸ್ ತೀರ್ಮಾನ ಡಾಕ್ಟರದ್ದು, ಅದರಲ್ಲಿ ನಾನು ಕೈ ಹಾಕುವುದಿಲ್ಲ.

ರಿಸ್ಪೆರಿಡೋನ್ ಬೇರೆ ಜಾತಿಯ ಔಷಧಿ. ಅಮೆರಿಕದಲ್ಲಿ 2006ರಲ್ಲಿ ಅದಕ್ಕೂ 2009ರಲ್ಲಿ ಅದೇ ಜಾತಿಯ ಅರಿಪಿಪ್ರಜೋಲ್‌ಗೂ ಒಪ್ಪಿಗೆ ಸಿಕ್ಕಿದ್ದು ಆಟಿಸಂ ಮಕ್ಕಳ ವಿಪರೀತ ಸಿಟ್ಟು, ಹೊಡೆದುಕೊಳ್ಳುವುದು, ಇಂಥದ್ದಕ್ಕೆ. ಆತಂಕಕ್ಕಲ್ಲ. ತೂಕ ಏರುವುದು ಅದರ ದೊಡ್ಡ ತೊಂದರೆ, ನಿಮ್ಮ ನಾದಿನಿ ಹೇಳಿದ್ದು ಸುಳ್ಳಲ್ಲ. ಆದರೆ ನಿಮಗೆ ಬರೆದಿರುವುದು ಅದಲ್ಲವಲ್ಲ.

ಸರ್ಟ್ರಾಲಿನ್, ಫ್ಲೂಆಕ್ಸೆಟಿನ್ ಸಾಮಾನ್ಯ ಮಕ್ಕಳ ಆತಂಕಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆಟಿಸಂ ಇರುವ ಮಕ್ಕಳಲ್ಲಿ ಪುರಾವೆ ಕಮ್ಮಿ. ಇದೇ ಗುಂಪಿನ ಸಿಟಾಲೊಪ್ರಾಮ್ ಅನ್ನು ಅಮೆರಿಕದಲ್ಲಿ 149 ಮಕ್ಕಳಲ್ಲಿ ಪರೀಕ್ಷಿಸಿದ್ದರು, ಮಾಡಿದ್ದನ್ನೇ ಮಾಡುವ ಅಭ್ಯಾಸ ಕಮ್ಮಿಯಾಗುತ್ತದಾ ಅಂತ. 2009ರಲ್ಲಿ ಫಲಿತಾಂಶ ಬಂತು. ಸಕ್ಕರೆ ಮಾತ್ರೆಗಿಂತ ಏನೂ ಮೇಲಿರಲಿಲ್ಲ, ಚಡಪಡಿಕೆ ಮತ್ತು ನಿದ್ದೆಗೇಡು ಮಾತ್ರ ಜಾಸ್ತಿ. ಅದು ಆತಂಕದ ಪರೀಕ್ಷೆ ಅಲ್ಲ, ಆದರೂ ಡಾಕ್ಟರುಗಳು ಕಮ್ಮಿ ಡೋಸಿನಿಂದ ಶುರು ಮಾಡಲು ಇಂಥ ಅನುಭವವೇ ಕಾರಣ. ಥೆರಪಿ ಕಡೆ ಪುರಾವೆ ಗಟ್ಟಿ. 2020ರಲ್ಲಿ ಅಮೆರಿಕದಲ್ಲೇ 7ರಿಂದ 13 ವಯಸ್ಸಿನ ಮಕ್ಕಳಿಗೆ ಆಟಿಸಂಗೆ ಹೊಂದಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿ ಭಯ ಇಳಿಸುವ ಥೆರಪಿ) ಕೊಟ್ಟು ನೋಡಿದಾಗ ಮಾಮೂಲಿ ಸಿಬಿಟಿಗಿಂತ ಆತಂಕ ಹೆಚ್ಚು ಇಳಿಯಿತು.

ಇನ್ನೊಂದು ಗಂಭೀರ ವಿಷಯ. ಈ ಮಾತ್ರೆಗಳ ಬಗ್ಗೆ 2004ರಿಂದ ಅಮೆರಿಕದಲ್ಲಿ ಕಡ್ಡಾಯ ಎಚ್ಚರಿಕೆ ಇದೆ. ಕೆಲವು ಮಕ್ಕಳಿಗೆ ಶುರುವಿನಲ್ಲಿ ಅಥವಾ ಡೋಸ್ ಬದಲಿಸಿದಾಗ ಸಾಯುವ ಯೋಚನೆ ಬರಬಹುದು. ಅಪರೂಪ, ಆದರೆ ಅಂಥ ಮಾತು ಬಂದರೆ ಆವತ್ತೇ ಡಾಕ್ಟರಿಗೆ ತಿಳಿಸಿ. ರಾತ್ರಿ ಯಾರೂ ಸಿಗದಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ನಮ್ಮ ಕೌಂಟರ್‌ನಲ್ಲಿ ದಿನಾ ನೋಡುವ ಸಂಗತಿ. ಮಳೆಗಾಲ ಬಂದರೆ ಎಲ್ಲರಿಗೂ ಕೆಮ್ಮು. ಒಣಕೆಮ್ಮಿನ ಅನೇಕ ಸಿರಪ್‌ಗಳಲ್ಲಿ ಡೆಕ್ಸ್ಟ್ರೋಮೆಥಾರ್ಫನ್ ಇರುತ್ತದೆ, ಅದು ಸರ್ಟ್ರಾಲಿನ್ ಜೊತೆ ಸೇರಬಾರದು. ಸಿರಪ್ ಕೇಳುವಾಗ ಮಗನ ಮಾತ್ರೆಯ ಹೆಸರು ಹೇಳಿ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಲೂ ಬಾರದು. ತಲೆಸುತ್ತು, ಕಿರಿಕಿರಿ ಆಗುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ನಮಗೆ ಮಾಲೇ ಬರಲಿಲ್ಲ. ಜೂನ್‌ಗೆ ಮೊದಲೇ ಒಂದು ತಿಂಗಳಿನಷ್ಟು ಮನೆಯಲ್ಲಿಡಿ. ಜೀವನಪೂರ್ತಿ ಬೇಕಾಗಿಲ್ಲ. ಚೆನ್ನಾಗಿದ್ದರೆ ಆರು ತಿಂಗಳು, ವರ್ಷ ನೋಡಿ ಡಾಕ್ಟರೇ ನಿಧಾನಕ್ಕೆ ಇಳಿಸುತ್ತಾರೆ.

ಹುತ್ತರಿ ವಾರದಲ್ಲಿ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಚಡಪಡಿಕೆ ಮಾತ್ರೆಯದ್ದೋ ಗುಂಡಿನದ್ದೋ ಹೇಗೆ ಗೊತ್ತಾಗಬೇಕು?

ಪೊನ್ನಂಪೇಟೆ ಹುಡುಗ

ನನಗೆ 22. ನಾನೇ ಆಟಿಸ್ಟಿಕ್. ಎರಡು ವರ್ಷದಿಂದ ಇದೇ ಗುಂಪಿನ ಎಸಿಟಾಲೊಪ್ರಾಮ್ ತಗೊಳ್ಳುತ್ತಿದ್ದೇನೆ. ಆಂಟಿ, ಗುಂಡಿನ ಸದ್ದು ಮಾತ್ರೆಯಿಂದ ಚಿಕ್ಕದಾಗುವುದಿಲ್ಲ. ಕಿವಿಗೆ ಅದು ಅಷ್ಟೇ ನೋವು. ನನಗೆ ಇಳಿದದ್ದು ಸದ್ದಿಗೆ ಮೊದಲಿನ ಕಾಯುವಿಕೆ, ಆ ಇಡೀ ಸಂಜೆ. ಸದ್ದಿಗೆ ಬೇರೆಯೇ ಉಪಾಯ ಬೇಕು. ಮರ ಕೊಯ್ಯುವವರು ಕಿವಿಗೆ ಹಾಕುತ್ತಾರಲ್ಲ ಇಯರ್‌ಮಫ್, ಅದನ್ನು ತೆಗೆದುಕೊಡಿ. ಹುತ್ತರಿ ದಿನ ನಾನು ಕಾರಿನೊಳಗೆ ಗಾಜು ಏರಿಸಿಕೊಂಡು ಅದನ್ನು ಹಾಕಿ ಕೂರುತ್ತೇನೆ. ಯಾರೂ ಏನೂ ಅನ್ನುವುದಿಲ್ಲ ಈಗ.

"ಇವತ್ತು ಹೊಡೆಯೋದಿಲ್ಲ" ಅಂತ ದಯವಿಟ್ಟು ಹೇಳಬೇಡಿ. ನಿಮಗದು ಗೊತ್ತಿರುವುದಿಲ್ಲ, ಅವನಿಗೂ ಅದು ಗೊತ್ತು. ಆನೆ ಎಲ್ಲಿದೆ ಅಂತ ವಾಟ್ಸಾಪಿನಲ್ಲಿ ಮೆಸೇಜ್ ಬರುತ್ತದಲ್ಲ, ಅದನ್ನೇ ತೋರಿಸಿ. ಮತ್ತೆ ಮಾತ್ರೆ ಬಗ್ಗೆ ನೀವು ಅತ್ತೆ, ನಾದಿನಿ, ಅಂಕಲ್ ಎಲ್ಲರನ್ನೂ ಕೇಳಿದ್ದೀರಿ. ಅವನನ್ನು ಕೇಳಿದಿರಾ?

ತೋಟದಮನೆ ಅಮ್ಮ, ಸಿದ್ದಾಪುರ

ನಿನ್ನೆ ಕೇಳಿದೆ. "ಹೊಟ್ಟೆನೋವು ಹೋಗುತ್ತಾ?" ಅಂದ. ಹೋಗಬಹುದು, ಸ್ವಲ್ಪ ದಿನ ಬೇಕು ಅಂದೆ. "ಕಹಿ ಇದ್ರೆ ಬೇಡ" ಅಂದ. ಡಾಕ್ಟರಿಗೆ ಫೋನ್ ಮಾಡಿ ಹುತ್ತರಿ ಕಳೆದ ಮೇಲೆ ಅರ್ಧ ಮಾತ್ರೆಯಿಂದ ಶುರು ಮಾಡಬಹುದಾ ಅಂತ ಕೇಳಿದೆ, ಆಗಲಿ ಅಂದರು. ಅಷ್ಟರವರೆಗೆ ಸಂಜೆ ಎಷ್ಟು ಹೊತ್ತು ಕೇಳುತ್ತಾನೆ, ಎಷ್ಟಕ್ಕೆ ಮಲಗುತ್ತಾನೆ, ಬಸ್ ಹತ್ತಿದನಾ, ಇಷ್ಟನ್ನು ಕ್ಯಾಲೆಂಡರಿನಲ್ಲಿ ಬರೆಯಬೇಕಂತೆ. ಇಯರ್‌ಮಫ್ ತರಲು ಯಜಮಾನರಿಗೆ ಹೇಳಿದ್ದೇನೆ, ಅದಕ್ಕಾದರೂ ಹೋಗಲಿ. ಅಣ್ಣಾ, ಇವನು ಮಾತ್ರೆ ನುಂಗುವುದಿಲ್ಲ. ಪುಡಿ ಮಾಡಿ ಜೇನಿನಲ್ಲಿ ಕೊಡಬಹುದಾ?

ಮೆಡಿಕಲ್ ಶಾಪ್, ಗೋಣಿಕೊಪ್ಪ

ಸರ್ಟ್ರಾಲಿನ್ ಪುಡಿ ಮಾಡಿದರೆ ಬಲು ಕಹಿ, ನಾಲಿಗೆಯೂ ಜೋಮು ಹಿಡಿದ ಹಾಗಾಗುತ್ತದೆ. ಒಮ್ಮೆ ಉಗಿದನೆಂದರೆ ಮತ್ತೆ ಬಾಯಿ ತೆರೆಯುವುದಿಲ್ಲ. ಫ್ಲೂಆಕ್ಸೆಟಿನ್ ಸಿರಪ್ ರೂಪದಲ್ಲೂ ಬರುತ್ತದೆ. ಅದು ಆಗುತ್ತದಾ ಅಂತ ಡಾಕ್ಟರನ್ನು ಈಗಲೇ ಕೇಳಿಬಿಡಿ. ಆಗುತ್ತದೆ ಅಂದರೆ ನನಗೊಂದು ಮಾತು ಹೇಳಿ, ಮೈಸೂರಿನಿಂದ ತರಿಸಲು ಪ್ರಯತ್ನ ಮಾಡುತ್ತೇನೆ.